ಗೇಟಿನ ಆಚೆಗೂ ಭದ್ರಾವತಿ ಇದೆ

ನನ್ನ ಸ್ಟುಡಿಯೊದ ಕಂಪ್ಯೂಟರಿನಲ್ಲಿ 'ಗೇಟು' ಎಂದು ಹೆಸರಿಟ್ಟ ಒಂದು ಫೋಲ್ಡರ್ ಇದೆ. ಅದರ ತುಂಬ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಮುಖ್ಯದ್ವಾರದ ಚಿತ್ರಗಳು. ಮಳೆಯಲ್ಲಿ ತೆಗೆದದ್ದು, ಬಿಸಿಲಲ್ಲಿ ತೆಗೆದದ್ದು, ಪ್ರತಿಭಟನೆಯ ಬ್ಯಾನರ್ ಇರುವುದು, ಇಲ್ಲದಿರುವುದು. ಜೊತೆಗೆ ಹೊಗೆಯಿಲ್ಲದ ಚಿಮಣಿ, ಕಾಗದ ಕಾರ್ಖಾನೆಯ ಬಾಗಿಲಿಗೆ ಬಿದ್ದ ಬೀಗ, ಖಾಲಿ ಕ್ವಾರ್ಟರ್ಸ್‌ನ ಗೋಡೆಯ ಬಿರುಕಿನಲ್ಲಿ ಚಿಗುರಿದ ಅರಳಿ ಗಿಡ. ಪತ್ರಿಕೆಯವರೋ ವಾಹಿನಿಯವರೋ ಫೋನ್ ಮಾಡಿದಾಗ ಕೇಳುವುದು ಇವನ್ನೇ. ಪ್ರತಿ ಸಲ ಹುಡುಕುವ ತೊಂದರೆ ಬೇಡವೆಂದು ಒಂದೇ ಕಡೆ ಸೇರಿಸಿಟ್ಟಿದ್ದೇನೆ.

ಮದುವೆ, ನಾಮಕರಣ, ಪಾಸ್‌ಪೋರ್ಟ್ ಅಳತೆಯ ಫೋಟೊ, ಇದು ನನ್ನ ಕಸುಬು. ಪತ್ರಿಕೆಗಳಿಗೆ ಚಿತ್ರ ಕಳಿಸುವುದು ಅದರ ಜೊತೆಗೆ ಬಂದದ್ದು. ಹೀಗೆ ಬಹಳ ವರ್ಷಗಳಿಂದ ನನ್ನ ಊರು ಹೊರಗಿನವರಿಗೆ ಹೇಗೆ ಕಾಣುತ್ತದೆ ಎಂಬುದನ್ನು ಹತ್ತಿರದಿಂದ ಗಮನಿಸುತ್ತಾ ಬಂದಿದ್ದೇನೆ. ಒಮ್ಮೆ ಒಬ್ಬ ಯುವ ವರದಿಗಾರ ಭದ್ರಾವತಿಯ ಕುರಿತು ವಿಶೇಷ ವರದಿ ಮಾಡುತ್ತಿದ್ದೇನೆ, ಚಿತ್ರ ಬೇಕು ಎಂದರು. ನಾನು ಎರಡು ಬಗೆಯವನ್ನು ಕಳಿಸಿದೆ. ಒಂದು, ಗೇಟಿನದು. ಇನ್ನೊಂದು, ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ನಮ್ಮೂರಿನ ಹುಡುಗನೊಬ್ಬ ಕರಗಿದ ಲೋಹವನ್ನು ಅಚ್ಚಿಗೆ ಸುರಿಯುತ್ತಿರುವುದು. ಎರಡನೆಯದು ನನಗೆ ಬಹಳ ಇಷ್ಟವಾದ ಚಿತ್ರ. ಕಿತ್ತಳೆ ಬೆಳಕು ಹುಡುಗನ ಮುಖದ ಒಂದೇ ಬದಿಗೆ ಬಿದ್ದಿದೆ, ಕಣ್ಣು ಲೋಹದ ಧಾರೆಯ ಮೇಲೆಯೇ ನೆಟ್ಟಿದೆ. ಪ್ರಕಟವಾದದ್ದು ಗೇಟು. ಏಕೆಂದು ಕೇಳಿದ್ದಕ್ಕೆ ಅವರು ಪ್ರಾಮಾಣಿಕವಾಗಿಯೇ ಹೇಳಿದರು: "ಚೆನ್ನಾಗಿದೆ ಸರ್, ಆದರೆ ನೋಡಿದವರಿಗೆ ಇದು ಭದ್ರಾವತಿ ಎಂದು ಅನ್ನಿಸುವುದಿಲ್ಲ."

ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಭದ್ರಾವತಿಯ ಹುಡುಗ, ಭದ್ರಾವತಿಯಲ್ಲಿ ತಂದೆಯಿಂದ ತಲೆಮಾರಾಗಿ ಬಂದ ವಿದ್ಯೆ, ಕೆಲವೇ ಕಿಲೋಮೀಟರ್ ದೂರದ ಕೆಲಸ. ಅದು ಭದ್ರಾವತಿ ಅಲ್ಲವಾದರೆ ಯಾವುದು ಭದ್ರಾವತಿ?

ಈ ಊರಿನ ಕಥೆ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಬೇಕು. ಮೈಸೂರು ಸಂಸ್ಥಾನ ಕಟ್ಟಿದ ಕಬ್ಬಿಣದ ಕಾರ್ಖಾನೆ 1923ರ ಜನವರಿಯಲ್ಲಿ ಇಲ್ಲಿ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಸೌದೆಯಿಂದ ಸುಟ್ಟ ಇದ್ದಿಲು, ಭದ್ರಾ ನದಿಯ ನೀರು, ಈ ಮೂರನ್ನು ನೆಚ್ಚಿ ಎದ್ದು ನಿಂತ ಕಾರ್ಖಾನೆ ಅದು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತದ ಚುಕ್ಕಾಣಿ ಹಿಡಿದು ನಷ್ಟದಲ್ಲಿದ್ದ ಉದ್ಯಮವನ್ನು ನೆಲೆಗೆ ನಿಲ್ಲಿಸಿದರು. ಮೊದಲ ವರ್ಷಗಳಲ್ಲೇ ಅದನ್ನು ಮುಚ್ಚಬೇಕೆಂಬ ಮಾತು ಕೇಳಿಬಂದಿತ್ತು ಎಂಬುದನ್ನು ಇಂದು ಯಾರೂ ನೆನೆಯುವುದಿಲ್ಲ. 1936ರಲ್ಲಿ ಕಾಗದ ಕಾರ್ಖಾನೆ ಬಂತು, ಸಿಮೆಂಟ್ ಕಾರ್ಖಾನೆಯೂ ಆಯಿತು. ಬೆಂಕಿಪುರ ಎಂಬ ಹಳೆಯ ಹೆಸರಿನ, ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯದ ಸುತ್ತ ಇದ್ದ ಸಣ್ಣ ಊರು ಬೆಳೆದು ಹಳೇನಗರ, ನ್ಯೂ ಟೌನ್, ಪೇಪರ್ ಟೌನ್, ಜನ್ನಾಪುರ ಎಂದು ಹರಡಿಕೊಂಡಿತು. ತಮಿಳು, ತೆಲುಗು, ಉರ್ದು, ಮಲಯಾಳ ಎಲ್ಲವೂ ಒಂದೇ ಓಣಿಯಲ್ಲಿ ಕೇಳಿಸುವ ಊರು ಮಲೆನಾಡಿನ ಬಾಗಿಲಲ್ಲಿ ಹುಟ್ಟಿದ್ದು ಹೀಗೆ.

ಮುಂದಿನದು ಇಳಿಜಾರು. 1989ರಲ್ಲಿ ಕಬ್ಬಿಣದ ಕಾರ್ಖಾನೆ ಭಾರತೀಯ ಉಕ್ಕು ಪ್ರಾಧಿಕಾರದ ತೆಕ್ಕೆಗೆ ಹೋಯಿತು, 1998ರಲ್ಲಿ ಅದರಲ್ಲೇ ವಿಲೀನವಾಯಿತು. ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತ ಮೇಲೆ ಸ್ವಂತ ಅದಿರಿನ ಆಸರೆ ತಪ್ಪಿತು. 2016ರಲ್ಲಿ ದುರ್ಗಾಪುರ, ಸೇಲಂ ಘಟಕಗಳ ಜೊತೆ ಭದ್ರಾವತಿಯನ್ನೂ ಬಂಡವಾಳ ಹಿಂತೆಗೆತದ ಪಟ್ಟಿಗೆ ಸೇರಿಸಲಾಯಿತು. ಕೊಳ್ಳುವವರು ಮುಂದೆ ಬರಲಿಲ್ಲ, 2022ರ ಅಕ್ಟೋಬರ್‌ನಲ್ಲಿ ಮಾರಾಟದ ಪ್ರಕ್ರಿಯೆಯನ್ನೇ ಕೈಬಿಟ್ಟರು. 2023ರ ಜನವರಿಯಲ್ಲಿ, ನೂರು ವರ್ಷ ತುಂಬಿದ ಅದೇ ತಿಂಗಳಲ್ಲಿ, ಮುಚ್ಚುವ ನಿರ್ಧಾರ ಹೊರಬಿತ್ತು. ಕಾಗದ ಕಾರ್ಖಾನೆಯ ಯಂತ್ರಗಳು ಅದಕ್ಕೂ ಮೊದಲೇ, 2015ರ ಕೊನೆಯಲ್ಲೇ ನಿಂತಿದ್ದವು.

ಕಾಗದ ಕಾರ್ಖಾನೆಯ ವಿಷಯದಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 1980ರ ದಶಕದ ಆರಂಭದಿಂದ ಅಲ್ಲಿ ಸುದ್ದಿ ಕಾಗದ ತಯಾರಾಗುತ್ತಿತ್ತು. ನಾಡಿನ ಪತ್ರಿಕೆಗಳು ಅಚ್ಚಾಗುತ್ತಿದ್ದ ಕಾಗದದಲ್ಲಿ ನಮ್ಮೂರಿನದೂ ಇತ್ತು. ಸುರುಳಿಗಳನ್ನು ಹೊತ್ತ ಲಾರಿಗಳು ಪೇಪರ್ ಟೌನಿನಿಂದ ಹೊರಡುವುದನ್ನು ನೋಡುತ್ತಾ ನಾವು ಶಾಲೆಗೆ ಹೋದವರು. ಕನ್ನಡದ ಸುದ್ದಿಯನ್ನು ಮೈಮೇಲೆ ಹೊತ್ತು ಮನೆಮನೆಗೆ ಮುಟ್ಟಿಸಿದ ಊರು ತಾನೇ ಸುದ್ದಿಯಾದಾಗ ಒಂದಷ್ಟು ತಾಳ್ಮೆಯ ಬರವಣಿಗೆಯನ್ನು ಬಯಸುವುದು ಅತಿಯಾಸೆಯಲ್ಲ ಎಂದು ನಾನು ನಂಬಿದ್ದೇನೆ.

2023ರ ಆ ಎರಡು ತಿಂಗಳನ್ನೇ ನೋಡಿ. ಜನವರಿಯ ನಡುವಿನಲ್ಲಿ ಮುಚ್ಚುವ ಸುದ್ದಿ. ಗುತ್ತಿಗೆ ಕಾರ್ಮಿಕರು ಕಾರ್ಖಾನೆಯ ಮುಂದೆ ಶಾಮಿಯಾನ ಹಾಕಿ ಕುಳಿತರು. ಫೆಬ್ರುವರಿ 27ರಂದು, ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲೇ ಸಿಗುವ ಸೋಗಾನೆಯಲ್ಲಿ ಪ್ರಧಾನಿಯವರಿಂದ ವಿಮಾನ ನಿಲ್ದಾಣದ ಉದ್ಘಾಟನೆ. ಒಂದೇ ಜಿಲ್ಲೆ, ಆರು ವಾರಗಳ ಅಂತರ. ಆದರೆ ಆ ದಿನಗಳ ವರದಿಗಳನ್ನು ಓದಿದವರಿಗೆ ಇವು ಎರಡು ಬೇರೆ ಬೇರೆ ರಾಜ್ಯಗಳಲ್ಲಿ ನಡೆದಂತೆ ಕಾಣುತ್ತಿತ್ತು. ಒಂದು ಪುಟದಲ್ಲಿ ಜಿಲ್ಲೆಗೆ ರೆಕ್ಕೆ ಬಂದಿತ್ತು, ಇನ್ನೊಂದು ಪುಟದಲ್ಲಿ ಅದೇ ಜಿಲ್ಲೆಯ ಒಂದು ಊರು ಕೊನೆಯುಸಿರು ಎಳೆಯುತ್ತಿತ್ತು. ಆ ವಿಮಾನ ನಿಲ್ದಾಣದಿಂದ ಭದ್ರಾವತಿಯ ಕೈಗಾರಿಕೆಗೆ ಏನು ಉಪಯೋಗ, ಇಲ್ಲಿನ ಕುಶಲ ಕೆಲಸಗಾರರಿಗೆ ಏನು ಕೆಲಸ ಸಿಗಬಹುದು, ಎರಡನ್ನೂ ಒಟ್ಟಿಗೆ ಇಟ್ಟು ಯಾರಾದರೂ ಪ್ರಶ್ನೆ ಕೇಳುತ್ತಾರೇನೋ ಎಂದು ನಾನು ಕಾದೆ. ನನ್ನ ಕಣ್ಣಿಗಂತೂ ಬೀಳಲಿಲ್ಲ.

ಅದೇ ವರ್ಷ ಆಗಸ್ಟ್‌ನಲ್ಲಿ ಕಾರ್ಖಾನೆಯ ಬಾರ್ ಮಿಲ್, ಅಂದರೆ ಉಕ್ಕಿನ ಸರಳು ತಯಾರಿಸುವ ಘಟಕ, ಮತ್ತೆ ತಿರುಗಿತು. ಮುಂದಿನ ವರ್ಷ ಜೂನ್‌ನಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ಕೇಂದ್ರದ ಉಕ್ಕು ಸಚಿವರಾದರು, ತಿಂಗಳು ಮುಗಿಯುವುದರೊಳಗೆ ಕಾರ್ಖಾನೆಗೆ ಬಂದರು. ಆಗ ವರದಿಗಳ ಧಾಟಿ ಒಮ್ಮೆಲೇ ಬದಲಾಯಿತು. ನಿನ್ನೆ ಸತ್ತ ಊರು ಇಂದು ಮರುಹುಟ್ಟು ಪಡೆದಿತ್ತು. ಆ ನಡುವಿನ ಒಂದೂವರೆ ವರ್ಷದಲ್ಲಿ ಇಲ್ಲಿ ಬದುಕಿದ ನಮಗೆ ಗೊತ್ತು: ಊರು ಆಗ ಸತ್ತೂ ಇರಲಿಲ್ಲ, ಈಗ ಹುಟ್ಟಿಯೂ ಇಲ್ಲ. ತಿಂಗಳಿಗೆ ಎಷ್ಟು ದಿನ ಕೆಲಸ ಸಿಕ್ಕಿತು, ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಎಷ್ಟು ಬಾಕಿ ಉಳಿಯಿತು, ಮಗಳ ಕಾಲೇಜಿನ ಶುಲ್ಕಕ್ಕೆ ಯಾವ ಒಡವೆ ಅಡ ಇಟ್ಟರು, ಇವೇ ಇಲ್ಲಿನ ಏರಿಳಿತ. ಸಾವು ಮತ್ತು ಮರುಹುಟ್ಟಿನ ಭಾಷೆಯಲ್ಲಿ ಈ ಏರಿಳಿತಕ್ಕೆ ಜಾಗವೇ ಇಲ್ಲ.

ವರದಿಗಾರರ ಮೇಲೆ ಮಾತ್ರ ಕೋಪ ತೋರಿಸುವುದು ನ್ಯಾಯವಲ್ಲ. ನಮ್ಮ ತಾಲ್ಲೂಕಿನ ಅರೆಕಾಲಿಕ ವರದಿಗಾರರಲ್ಲಿ ಹಲವರು ಆ ಶಾಮಿಯಾನದ ಮುಂದೆ ದಿನವೂ ಬಂದು ನಿಂತವರು. ಅವರು ಬರೆಯದಿದ್ದರೆ ಹೋರಾಟ ಜಿಲ್ಲೆಯ ಗಡಿ ದಾಟುತ್ತಿರಲಿಲ್ಲ. ಆದರೆ ಅವರು ಬರೆದ ದೀರ್ಘ ವರದಿ ಜಿಲ್ಲಾ ಪುಟದ ಮೂಲೆಗೆ ಸೇರುತ್ತದೆ, ಶಿವಮೊಗ್ಗ ಆವೃತ್ತಿಯಲ್ಲೇ ಉಳಿಯುತ್ತದೆ. ರಾಜ್ಯ ಪುಟಕ್ಕೆ ಹೋಗಬೇಕಾದರೆ ಸಚಿವರು ಬರಬೇಕು, ಇಲ್ಲವೇ ಲಾಠಿ ಎದ್ದಿರಬೇಕು. ಬೆಂಗಳೂರಿನಲ್ಲಿ ಕೂತು ಪುಟ ಕಟ್ಟುವವರಿಗೆ ಭದ್ರಾವತಿ ಎಂದರೆ ಮೂರೇ ಬಾಗಿಲು: ಕಾರ್ಖಾನೆ, ಚುನಾವಣೆ, ಅಪರಾಧ. ಇಲ್ಲಿ ನಡೆಯುವ ಸಣ್ಣ ಹೊಡೆದಾಟವೂ ಊರಿನ ಹೆಸರಿನ ಜೊತೆಗೇ ತಲೆಬರಹಕ್ಕೆ ಏರುತ್ತದೆ. ನಮ್ಮ ಪಕ್ಕದ ದೊಡ್ಡ ನಗರಗಳಲ್ಲಿ ಅಂಥದೇ ಘಟನೆ ನಡೆದರೆ ಅದು ಬಡಾವಣೆಯ ಹೆಸರಿನಲ್ಲಿ ಮುಗಿದುಹೋಗುತ್ತದೆ. ಊರಿನ ಹೆಣ್ಣುಮಕ್ಕಳಿಗೆ ಹೊರಗಿನಿಂದ ಸಂಬಂಧ ಹುಡುಕುವಾಗ, ಹುಡುಗರು ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳುವಾಗ ಆ ತಲೆಬರಹಗಳೇ ಮೊದಲು ಎದುರಿಗೆ ಬಂದು ನಿಲ್ಲುತ್ತವೆ. "ಭದ್ರಾವತಿಯವರಾ?" ಎಂದು ಕೇಳಿ ಒಂದು ಕ್ಷಣ ಸುಮ್ಮನಾಗುವವರನ್ನು ನನ್ನ ಮಕ್ಕಳೂ ಕಂಡಿದ್ದಾರೆ.

ಬಾನುಲಿ ಮಾತ್ರ ಇದಕ್ಕೆ ಅಪವಾದ. ಆಕಾಶವಾಣಿ ಭದ್ರಾವತಿ 1965ರಿಂದ ಈ ಊರಿನಲ್ಲೇ ಕುಳಿತು ಮಾತನಾಡುತ್ತಿದೆ. ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಭದ್ರಾವತಿ ಎಂಬ ಹೆಸರು ಬೆಳಗಿನ ಭಕ್ತಿಗೀತೆಯ ಜೊತೆಗೆ, ರೈತರ ಕಾರ್ಯಕ್ರಮದ ಜೊತೆಗೆ ಕಿವಿಗೆ ಬಿದ್ದದ್ದು. ಆ ಹಳ್ಳಿಗಳಿಂದ ಬಂದವರು ನಮ್ಮ ಊರಿನ ಹೆಸರು ಕೇಳಿ ಹುಬ್ಬು ಗಂಟಿಕ್ಕುವುದಿಲ್ಲ, ಮುಖ ಅರಳಿಸುತ್ತಾರೆ. ಊರನ್ನು ಒಳಗಿನಿಂದ ಮಾತನಾಡಿಸುವುದಕ್ಕೂ ಹೊರಗಿನಿಂದ ಬಂದು ನೋಡಿ ಹೋಗುವುದಕ್ಕೂ ಇರುವ ವ್ಯತ್ಯಾಸ ಇದಕ್ಕಿಂತ ಚೆನ್ನಾಗಿ ನನಗೆ ಬೇರೆಲ್ಲೂ ಕಂಡಿಲ್ಲ.

ಇನ್ನು ರ‍್ಯಾಂಕುಗಳ ವಿಷಯ. ಫೋಟೊ ತೆಗೆಯುವವನಿಗೆ ಇದೆಲ್ಲ ಏಕೆ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಆದರೆ ನಗರಗಳ ಪಟ್ಟಿ ಪ್ರಕಟವಾದಾಗಲೆಲ್ಲ ಸ್ಟುಡಿಯೊಕ್ಕೆ ಬಂದವರು ಅದನ್ನೇ ಮಾತನಾಡುತ್ತಾರೆ, ನಾನೂ ಕುಳಿತು ಓದುತ್ತೇನೆ. ಕೇಂದ್ರ ಸರ್ಕಾರ 2018ರಲ್ಲಿ ಮೊದಲ ಬಾರಿಗೆ ಸುಗಮ ಜೀವನ ಸೂಚ್ಯಂಕ ಹೊರತಂದಿತು. 111 ನಗರಗಳು, ಪುಣೆಗೆ ಮೊದಲ ಸ್ಥಾನ. ನೂರು ಅಂಕಗಳನ್ನು ಹಂಚಿದ್ದು ಹೀಗೆ: ರಸ್ತೆ, ನೀರು, ವಸತಿ ಮುಂತಾದ ಭೌತಿಕ ಸೌಕರ್ಯಗಳಿಗೆ 45, ಆಡಳಿತಕ್ಕೆ 25, ಶಿಕ್ಷಣ, ಆರೋಗ್ಯ, ಸುರಕ್ಷತೆಯಂಥ ಸಾಮಾಜಿಕ ಅಂಶಗಳಿಗೆ 25, ಆರ್ಥಿಕತೆಗೆ 5. ಉದ್ಯೋಗ, ಆದಾಯ, ದುಡಿಮೆ ಎಲ್ಲ ಸೇರಿ ನೂರಕ್ಕೆ ಐದು!

ಈ ಐದು ಅಂಕವನ್ನು ಕಾರ್ಖಾನೆ ಊರಿನವನ ಜಾಗದಲ್ಲಿ ನಿಂತು ನೋಡಬೇಕು. ನಮಗೆ ರಸ್ತೆ ಬಂದದ್ದು, ಆಸ್ಪತ್ರೆ ಬಂದದ್ದು, ಶಾಲೆ ಬಂದದ್ದು, ನಲ್ಲಿಯಲ್ಲಿ ನೀರು ಬಂದದ್ದು, ಸಂಜೆ ಆಟವಾಡಲು ಮೈದಾನ ಸಿಕ್ಕಿದ್ದು ಎಲ್ಲವೂ ಕೆಲಸದ ಬೆನ್ನಿಗೆ ಬಂದವು. ಕೆಲಸ ಹೋದಾಗ ಅವೆಲ್ಲ ಒಂದೇ ದಿನ ಹೋಗುವುದಿಲ್ಲ. ರಸ್ತೆ ಇನ್ನೂ ಅಗಲವಾಗಿಯೇ ಇರುತ್ತದೆ, ಮರಗಳು ನೆರಳು ಕೊಡುತ್ತಲೇ ಇರುತ್ತವೆ. ನ್ಯೂ ಟೌನಿನ ಬೀದಿಗಳಷ್ಟು ಸಾಲು ಮರಗಳು, ಅಷ್ಟು ಖಾಲಿ ಜಾಗ ಇರುವ ಊರುಗಳು ಕರ್ನಾಟಕದಲ್ಲಿ ಎಷ್ಟಿವೆ? ಐದು ಅಂಕದ ಲೆಕ್ಕದಲ್ಲಿ ಇಂಥ ಊರಿನ ಸಂಕಟ ಬಹಳ ವರ್ಷ ಗೊತ್ತೇ ಆಗದೆ ಹೋಗಬಹುದು.

2020ರ ಸೂಚ್ಯಂಕದಲ್ಲಿ ಅಳತೆ ಬದಲಾಯಿತು. ಆರ್ಥಿಕ ಸಾಮರ್ಥ್ಯಕ್ಕೆ 15 ಅಂಕ, ಜನರ ಅಭಿಪ್ರಾಯ ಸಮೀಕ್ಷೆಗೆ 30. ಇದು ಒಳ್ಳೆಯ ಬದಲಾವಣೆ. 2021ರ ಮಾರ್ಚ್‌ನಲ್ಲಿ ಪ್ರಕಟವಾದ ಆ ಪಟ್ಟಿಯಲ್ಲಿ, ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ನಗರಗಳ ಸಾಲಿನಲ್ಲಿ ಶಿಮ್ಲಾ ಮೊದಲನೆಯದು, ನಮ್ಮ ನೆರೆಯ ದಾವಣಗೆರೆ ಒಂಬತ್ತನೆಯದು. ದಾವಣಗೆರೆಯೂ ಒಂದು ಕಾಲದಲ್ಲಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡದ್ದು. ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಇಂದು ಆ ಊರಿನ ಹೆಸರು ಹೇಳಿದರೆ ಮಾಧ್ಯಮಕ್ಕೆ ನೆನಪಾಗುವುದು ಬೆಣ್ಣೆದೋಸೆ. ದಾವಣಗೆರೆಗೆ ಒಂಬತ್ತನೆಯ ಸ್ಥಾನ ಬಂದದ್ದು ನನಗೆ ನಿಜಕ್ಕೂ ಸಂತೋಷ ತಂದ ಸುದ್ದಿ, ಅಲ್ಲಿ ನನ್ನ ತಂಗಿಯ ಮನೆ ಇದೆ. ಕಾಲೇಜುಗಳು, ಆಸ್ಪತ್ರೆಗಳು, ವ್ಯಾಪಾರ ಆ ಊರನ್ನು ಎತ್ತಿ ನಿಲ್ಲಿಸಿವೆ. ಆದರೂ ಗಿರಣಿಯ ಕೆಲಸ ಕಳೆದುಕೊಂಡ ತಲೆಮಾರು ಆ ಒಂಬತ್ತನೆಯ ಸ್ಥಾನದಲ್ಲಿ ಎಲ್ಲಿದೆ? ಅದೇ ಊರಿನಲ್ಲಿ ಆಟೋ ಓಡಿಸಿ, ಕಾವಲು ಕಾಯ್ದು ವಯಸ್ಸಾದವರು ಸುಗಮ ಜೀವನದ ಯಾವ ಅಂಕಣದಲ್ಲಿ ಕೂತಿದ್ದಾರೆ?

ಭದ್ರಾವತಿಯ ಸ್ಥಾನ ಎಷ್ಟು ಎಂದು ನೀವು ಕೇಳಬಹುದು. ಆ ಸೂಚ್ಯಂಕದಲ್ಲಿ ಭದ್ರಾವತಿಯೇ ಇಲ್ಲ. ಪಟ್ಟಿ ತಯಾರಾದದ್ದು ಸ್ಮಾರ್ಟ್ ಸಿಟಿಗಳಿಂದ, ರಾಜಧಾನಿಗಳಿಂದ, ಹತ್ತು ಲಕ್ಷ ಮೀರಿದ ನಗರಗಳಿಂದ. ದಾವಣಗೆರೆ 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತರ ಪಟ್ಟಿಯಲ್ಲೇ ಆಯ್ಕೆಯಾಗಿತ್ತು, ಶಿವಮೊಗ್ಗ ಆಮೇಲೆ ಸೇರಿತು. ಕಾರ್ಖಾನೆ ಊರುಗಳು ಬಹುಮಟ್ಟಿಗೆ ಲಕ್ಷ ಒಂದೂವರೆ ಲಕ್ಷದ ಊರುಗಳು. ಅವುಗಳಿಗೆ ಅಂಕ ಕಡಿಮೆ ಬಿದ್ದರೆ ಬೇಸರವಿಲ್ಲ, ಬಿದ್ದರೆ ಯಾಕೆ ಬಿತ್ತೆಂದು ಕೇಳಬಹುದು. ಲೆಕ್ಕಕ್ಕೇ ಬಾರದ ಊರು ಯಾರನ್ನು ಕೇಳಬೇಕು? ಸ್ವಚ್ಛ ಸರ್ವೇಕ್ಷಣೆ ಇದಕ್ಕಿಂತ ಎಷ್ಟೋ ವಾಸಿ. 2016ರಲ್ಲಿ 73 ನಗರಗಳಿಂದ ಆರಂಭವಾದದ್ದು, ಮೈಸೂರು ಮೊದಲು ಬಂದ ವರ್ಷ ಅದು. ಈಗ ನಾಲ್ಕು ಸಾವಿರಕ್ಕೂ ಹೆಚ್ಚು ಊರುಗಳನ್ನು ಒಳಗೆ ತೆಗೆದುಕೊಳ್ಳುತ್ತದೆ. ಕಸ ಅಳೆಯಲು ನಾಲ್ಕು ಸಾವಿರ ಊರುಗಳಿಗೆ ಹೋಗಲು ಸಾಧ್ಯವಾದರೆ ಕೆಲಸ ಅಳೆಯಲೂ ಹೋಗಲು ಸಾಧ್ಯ.

ರಾಜ್ಯಗಳ ಮಟ್ಟದ ರ‍್ಯಾಂಕೂ ಹೀಗೆಯೇ. ಉದ್ಯಮ ನಡೆಸಲು ಎಷ್ಟು ಸುಲಭ ಎಂಬ ಪಟ್ಟಿಯಲ್ಲಿ, 2020ರ ಸೆಪ್ಟೆಂಬರ್‌ನಲ್ಲಿ ಹೊರಬಿದ್ದಾಗ, ಕರ್ನಾಟಕ ಹದಿನೇಳನೆಯ ಸ್ಥಾನಕ್ಕೆ ಇಳಿದಿತ್ತು. ದೊಡ್ಡ ಗದ್ದಲವಾಯಿತು. 2022ರ ಜೂನ್‌ನಲ್ಲಿ ಮುಂದಿನ ಪಟ್ಟಿ ಬಂದಾಗ ಸ್ಥಾನಗಳ ಬದಲು ವರ್ಗಗಳು ಬಂದಿದ್ದವು, ಕರ್ನಾಟಕ ಅತ್ಯುನ್ನತ ಸಾಧಕರ ವರ್ಗದಲ್ಲಿತ್ತು. ದೊಡ್ಡ ಸಂಭ್ರಮವಾಯಿತು. ಆ ಗದ್ದಲಕ್ಕೂ ಈ ಸಂಭ್ರಮಕ್ಕೂ ನಡುವೆ ಭದ್ರಾವತಿಯಲ್ಲಿ ಕುಲುಮೆ ತಣ್ಣಗೇ ಇತ್ತು. ಇಂಥ ಪಟ್ಟಿಗಳಿಗೆಲ್ಲ ಮಾದರಿಯಾಗಿದ್ದ ವಿಶ್ವ ಬ್ಯಾಂಕಿನ ವರದಿಯನ್ನು ಅಂಕಿಅಂಶಗಳಲ್ಲಿ ಅಕ್ರಮ ಕಂಡುಬಂದ ಕಾರಣಕ್ಕೆ 2021ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕೇ ನಿಲ್ಲಿಸಿತು. ಆ ಸುದ್ದಿಗೆ ಸಿಕ್ಕ ಜಾಗ, ರ‍್ಯಾಂಕು ಪ್ರಕಟವಾದಾಗ ಸಿಗುತ್ತಿದ್ದ ಜಾಗದ ಕಾಲು ಭಾಗವೂ ಇರಲಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಕೆಡುಕು ಮಾಡಿದ್ದು ಇನ್ನೊಂದು ಪಟ್ಟಿ: ಉಕ್ಕು ಪ್ರಾಧಿಕಾರದ ಫಲಿತಾಂಶದಲ್ಲಿ ಬರುವ ಘಟಕವಾರು ಲಾಭ ನಷ್ಟದ ಕೋಷ್ಟಕ. ದೊಡ್ಡ ಐದು ಕಾರ್ಖಾನೆಗಳ ಕೆಳಗೆ ವಿಶೇಷ ಉಕ್ಕಿನ ಮೂರು ಘಟಕಗಳು, ಕಟ್ಟಕಡೆಯ ಸಾಲುಗಳಲ್ಲೊಂದು ಭದ್ರಾವತಿ, ಅದರ ಮುಂದೆ ನಷ್ಟದ ಅಂಕಿ. ಸುದ್ದಿ ಬರೆಯುವವರಿಗೆ ಆ ಒಂದು ಸಾಲು ಸಾಕಾಯಿತು, ಮಾರುವವರಿಗೂ ಅದೇ ಸಾಲು ಸಾಕಾಯಿತು. ಅಂಕಿ ಸುಳ್ಳಲ್ಲ. ಆದರೆ ಉಕ್ಕಿನ ಕಾರ್ಖಾನೆಗೆ ಸ್ವಂತ ಗಣಿ ಇದ್ದರೆ ಒಂದು ಬೆಲೆ, ಅದಿರನ್ನು ಮಾರುಕಟ್ಟೆಯಲ್ಲಿ ಕೊಂಡರೆ ಇನ್ನೊಂದು ಬೆಲೆ. ಕುಲುಮೆ ಆರಿದರೂ ಸಂಬಳ, ವಿದ್ಯುತ್, ನಿರ್ವಹಣೆಯ ಖರ್ಚು ಆರುವುದಿಲ್ಲ. ಕಡಿಮೆ ಉತ್ಪಾದನೆಯಿಂದ ನಷ್ಟ, ನಷ್ಟವಿದೆ ಎಂದು ಹೂಡಿಕೆ ಇಲ್ಲ, ಹೂಡಿಕೆ ಇಲ್ಲದ್ದರಿಂದ ಮತ್ತೂ ಕಡಿಮೆ ಉತ್ಪಾದನೆ. ಈ ಸರಣಿಯನ್ನು ನಮ್ಮೂರಿನ ನಿವೃತ್ತ ಕಾರ್ಮಿಕರು ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಬಿಡಿಸಿ ಬಿಡಿಸಿ ವಿವರಿಸುತ್ತಾರೆ. ಅವರ ವಿವರಣೆ ಕೋಷ್ಟಕದ ಪಕ್ಕದಲ್ಲಿ ನಾಲ್ಕು ಸಾಲಾಗಿ ಅಚ್ಚಾಗಿದ್ದರೆ, 'ಬಿಳಿಯಾನೆ' ಎಂದು ನಮ್ಮ ಕಾರ್ಖಾನೆಯನ್ನು ಅಷ್ಟು ಸಲೀಸಾಗಿ ಕರೆಯುವುದು ಯಾರಿಗೂ ಸಾಧ್ಯವಾಗುತ್ತಿರಲಿಲ್ಲ.

ಕಾರ್ಖಾನೆಯಿಂದ ನಾಡಿಗೆ ಎಲ್ಲವೂ ಒಳಿತೇ ಆಯಿತು ಎಂದು ನಾನು ಹೇಳುತ್ತಿಲ್ಲ. ದಶಕಗಳ ಕಾಲ ಇದ್ದಿಲಿಗಾಗಿ ಬಿದ್ದ ಮರಗಳ ಲೆಕ್ಕ ಮಲೆನಾಡಿನ ಮೇಲಿದೆ. ಕಾಗದಕ್ಕಾಗಿ ಬೆಳೆದ ನೆಡುತೋಪುಗಳ ಜಗಳ ಇನ್ನೂ ಮುಗಿದಿಲ್ಲ. ಅವನ್ನೂ ಬರೆಯಲಿ.

ಬರೆಯದೆ ಉಳಿದದ್ದು ಯಾವುದು ಎಂದರೆ, ಗೇಟು ಮುಚ್ಚಿದ ಮೇಲೂ ನಡೆಯುತ್ತಿರುವ ದುಡಿಮೆ. ಬೆಳಿಗ್ಗೆ ಬಿ.ಎಚ್. ರಸ್ತೆಯಲ್ಲಿ ನಿಂತರೆ ಕಾಣುತ್ತದೆ. ಮಾಚೇನಹಳ್ಳಿಯ ಗಾರ್ಮೆಂಟ್ ಕಾರ್ಖಾನೆಗೆ ಹೋಗುವ ಹೆಂಗಸರು ಕೈಯಲ್ಲಿ ಊಟದ ಡಬ್ಬಿ ಹಿಡಿದು ಬಸ್ಸಿಗೆ ಕಾಯುತ್ತಾರೆ. ಇವರಲ್ಲಿ ಬಹಳ ಮಂದಿಯ ತಂದೆ, ಮಾವ, ಗಂಡ ಕಬ್ಬಿಣದ ಕಾರ್ಖಾನೆಯಲ್ಲೋ ಕಾಗದದ ಕಾರ್ಖಾನೆಯಲ್ಲೋ ಇದ್ದವರು. ಈಗ ಮನೆಯ ಸಂಬಳ ಇವರದು. ಗುರುತಿನ ಚೀಟಿಗೆಂದು ಫೋಟೊ ತೆಗೆಸಲು ನನ್ನ ಸ್ಟುಡಿಯೊಕ್ಕೆ ಬರುತ್ತಾರೆ. ಮೊದಲ ಸಲ ಬಂದವರು ಸೆರಗು ಸರಿಮಾಡಿಕೊಂಡು, ಕ್ಯಾಮೆರಾ ನೋಡದೆ ನೆಲ ನೋಡುತ್ತಾರೆ. ಒಂದೆರಡು ವರ್ಷದ ನಂತರ ಬ್ಯಾಂಕ್ ಸಾಲದ ಅರ್ಜಿಗೆ ಫೋಟೊ ಬೇಕೆಂದು ಬಂದಾಗ ಅವರೇ ನನಗೆ ಹೇಳುತ್ತಾರೆ, ಬೆಳಕು ಮುಖದ ಮೇಲೆ ಸರಿಯಾಗಿ ಬೀಳುತ್ತಿಲ್ಲ, ಸ್ವಲ್ಪ ತಿರುಗಿಸಿ ಅಣ್ಣ ಎಂದು. ಈ ಎರಡು ಫೋಟೊಗಳ ನಡುವೆ ಒಂದು ಇಡೀ ಊರಿನ ಆರ್ಥಿಕತೆ ಬದಲಾಗಿದೆ. ಗಂಡಸರ ಕಾರ್ಖಾನೆ ಮುಚ್ಚಿದ್ದು ನೂರು ಸಲ ಸುದ್ದಿಯಾಯಿತು. ಹೆಂಗಸರು ದುಡಿದು ಊರನ್ನು ಹಿಡಿದು ನಿಲ್ಲಿಸಿದ್ದು, ಆ ದುಡಿಮೆಗೆ ಸಿಗುವ ಕೂಲಿ ಹಳೆಯ ಕಾಯಂ ನೌಕರನ ಸಂಬಳದ ಹತ್ತಿರಕ್ಕೂ ಬಾರದಿರುವುದು, ಎರಡೂ ಸುದ್ದಿಯಾಗಲಿಲ್ಲ.

ಫೌಂಡ್ರಿಗಳದ್ದೂ ಇದೇ ಕಥೆ. ಶಿವಮೊಗ್ಗ, ಮಾಚೇನಹಳ್ಳಿಯ ಎರಕದ ಘಟಕಗಳಲ್ಲಿ ವಾಹನಗಳ ಬಿಡಿಭಾಗಗಳು ತಯಾರಾಗುತ್ತವೆ. ಮರಳಿನ ಅಚ್ಚು ಹದವಾಗಿದೆಯೇ ಎಂದು ಬೆರಳಿನಿಂದ ಒತ್ತಿ ಹೇಳಬಲ್ಲವರು, ಕರಗಿದ ಲೋಹದ ಬಣ್ಣ ನೋಡಿಯೇ ಕಾವು ಅಂದಾಜು ಮಾಡಬಲ್ಲವರು ಇಲ್ಲಿ ಸುಲಭವಾಗಿ ಸಿಗಲು ಈ ಸೀಮೆಯಲ್ಲಿ ನೂರು ವರ್ಷದಿಂದ ಕಬ್ಬಿಣ ಕರಗುತ್ತಿದ್ದುದೇ ಕಾರಣ. ಉಕ್ಕಿನ ಕಾರ್ಖಾನೆ ಬಿಟ್ಟುಹೋದ ನಿಜವಾದ ಆಸ್ತಿ ಈ ಕೈಗಳು. ಯಾವ ಸೂಚ್ಯಂಕದಲ್ಲೂ ಇದಕ್ಕೊಂದು ಅಂಕಣವಿಲ್ಲ, ಯಾವ ವಾಹಿನಿಯ ಕ್ಯಾಮೆರಾವೂ ಅದರ ಬೆನ್ನು ಹತ್ತಿ ಬಂದದ್ದನ್ನು ನಾನು ಕಂಡಿಲ್ಲ. ಹೊಸ ಉದ್ದಿಮೆಯವನೊಬ್ಬ ಭದ್ರಾವತಿಯ ಬಗ್ಗೆ ಓದಿದರೆ ಪಾಳು ಗೋಡೆ ಕಾಣುತ್ತದೆಯೇ ಹೊರತು ಇಲ್ಲಿ ಪಳಗಿದ ಕೆಲಸಗಾರರಿದ್ದಾರೆ ಎಂಬುದು ತಿಳಿಯುವುದಿಲ್ಲ. ಚಿತ್ರದ ತಪ್ಪಿನಿಂದ ಕೆಲಸವೂ ತಪ್ಪುತ್ತದೆ ಎಂದು ನಾನು ಹೇಳುವುದು ಇದಕ್ಕೆ.

ತಿಂಗಳ ಕೊನೆಯ ದಿನ ಬಂದರೆ ನನಗೆ ಹಿಂದೆಲ್ಲ ಕೈತುಂಬ ಕೆಲಸ ಇರುತ್ತಿತ್ತು. ನಿವೃತ್ತರಾದವರಿಗೆ ಹಾರ ಹಾಕಿ, ಶಾಲು ಹೊದಿಸಿ, ವಿಭಾಗದವರೆಲ್ಲ ಸಾಲಾಗಿ ನಿಂತು ಗುಂಪು ಫೋಟೊ ತೆಗೆಸುವ ದಿನ. ಹಳೆಯ ಚಿತ್ರಗಳಲ್ಲಿ ನಾಲ್ಕು ಸಾಲು ಜನ, ಹಿಂದಿನ ಸಾಲಿನವರು ಬೆಂಚಿನ ಮೇಲೆ. ವರ್ಷ ಕಳೆದಂತೆ ಮೂರು ಸಾಲು, ಎರಡು ಸಾಲು, ಆಮೇಲೆ ಬೆಂಚೇ ಬೇಡವಾಯಿತು. ನಿವೃತ್ತರಾದವರ ಜಾಗಕ್ಕೆ ಹೊಸಬರು ಬರಲಿಲ್ಲ, ಬಂದವರು ಗುತ್ತಿಗೆಯವರು, ಅವರಿಗೆ ಬೀಳ್ಕೊಡುಗೆಯ ಫೋಟೊ ಇರುವುದಿಲ್ಲ. ಒಂದೇ ದಿನ ಗೇಟು ಮುಚ್ಚಿ ಊರು ಕುಸಿಯಿತು ಎಂಬ ಕಥೆಯನ್ನು ನಾನು ಒಪ್ಪದಿರಲು ಈ ಗುಂಪು ಫೋಟೊಗಳೇ ಸಾಕ್ಷಿ. ಕುಸಿತ ಮೂವತ್ತು ವರ್ಷ ನಡೆಯಿತು. ಸುದ್ದಿಯಾದದ್ದು ಕೊನೆಯ ಮೂರು ವಾರ.

ಜನಗಣತಿಯ ಲೆಕ್ಕವೂ ಇದನ್ನು ತೋರಿಸಿತ್ತು, ನೋಡುವವರು ನೋಡಲಿಲ್ಲ. 2001ರಲ್ಲಿ ಭದ್ರಾವತಿ ನಗರದ ಜನಸಂಖ್ಯೆ ಸುಮಾರು 1 ಲಕ್ಷ 60 ಸಾವಿರ. 2011ರಲ್ಲಿ ಸುಮಾರು 1 ಲಕ್ಷ 51 ಸಾವಿರ. ರಾಜ್ಯದ ನಗರಗಳೆಲ್ಲ ಹಿಗ್ಗುತ್ತಿದ್ದ ಹತ್ತು ವರ್ಷಗಳಲ್ಲಿ ಒಂದು ಊರು ಕುಗ್ಗಿತ್ತು. ಮುಚ್ಚುವ ನಿರ್ಧಾರಕ್ಕೆ ಹನ್ನೆರಡು ವರ್ಷ ಮೊದಲೇ ಸಿಕ್ಕಿದ್ದ ಮುನ್ಸೂಚನೆ ಅದು. ಆಗಲೇ ಯಾರಾದರೂ ಬಂದು ಕೇಳಬಹುದಿತ್ತು.

ಈಗ ಮತ್ತೆ ಗಣತಿ ಬರುತ್ತಿದೆ, 2027ರ ಮಾರ್ಚ್ 1 ಅದರ ಆಧಾರ ದಿನ. ಭದ್ರಾವತಿಯ ಸಂಖ್ಯೆ ಇನ್ನೂ ಇಳಿದಿರಬಹುದು, ಇಳಿಯದೆಯೂ ಇರಬಹುದು. ಅದು ಹೊರಬಿದ್ದ ದಿನ ಬರೆಯುವವರಲ್ಲಿ ನನ್ನದೊಂದು ಬೇಡಿಕೆ. ಹೋದವರು ಯಾವ ಬಡಾವಣೆಯವರು ಎಂದು ವಾರ್ಡುವಾರು ನೋಡಿ. ಕ್ವಾರ್ಟರ್ಸ್ ತೆರವಾಗಿ ಪಕ್ಕದ ಹಳ್ಳಿಯ ನಿವೇಶನದಲ್ಲಿ ಮನೆ ಕಟ್ಟಿಕೊಂಡವರು ಊರು ಬಿಟ್ಟವರಲ್ಲ, ನಗರಸಭೆಯ ಗಡಿ ದಾಟಿದವರು, ಅವರನ್ನು ಬೇರೆ ಎಣಿಸಿ. ಉಳಿದವರಲ್ಲಿ ದುಡಿಯುವ ಹೆಂಗಸರ ಸಂಖ್ಯೆ ಎಷ್ಟು ಏರಿತು, ಮುಖ್ಯ ಕೆಲಸಗಾರರೆಷ್ಟು, ವರ್ಷಕ್ಕೆ ಆರು ತಿಂಗಳೂ ಕೆಲಸ ಸಿಗದವರೆಷ್ಟು ಎಂಬ ಅಂಕಣಗಳನ್ನು ಪಕ್ಕದಲ್ಲಿಟ್ಟು ಓದಿ. ಗಣತಿಯ ಪುಸ್ತಕದಲ್ಲಿ ಅವೆಲ್ಲ ಇರುತ್ತವೆ. ಆ ಅಂಕಿಗಳನ್ನು ಹಿಡಿದುಕೊಂಡು ಬಂದು ಬೆಳಿಗ್ಗೆ ಬಿ.ಎಚ್. ರಸ್ತೆಯ ಬಸ್ ನಿಲ್ದಾಣದಲ್ಲಿ ನಿಂತರೆ ಉತ್ತರ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಗೇಟಿನ ಹತ್ತಿರ ಮಧ್ಯಾಹ್ನ ಹೋದರೂ ನಡೆಯುತ್ತದೆ.